ಮೊದಲ ಜೇಬು ಚಾಕು ಕೊಳ್ಳುವಾಗ ಅಲಗು ತೆಳ್ಳಗಿರಲಿ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಆಫೀಸ್ ಕೆಲಸ, ರಜೆ ಸಿಕ್ಕಾಗ ಸಾಗರದ ಹತ್ತಿರದ ಊರು, ತೋಟ. ದಿನಾ ಜೇಬಿನಲ್ಲಿ ಇಟ್ಟುಕೊಳ್ಳೋದಕ್ಕೆ ಹಳೇ ಶೈಲಿಯ ಮಡಚುವ ಚಾಕು ಬೇಕು. ಒಪಿನೆಲ್, ವಿಕ್ಟೋರಿನಾಕ್ಸ್, ಕೇಸ್ ಈ ಮೂರು ಕಂಪನಿಗಳ ಚಾಕುಗಳಲ್ಲಿ ಮೊದಲು ಯಾವುದು? ಕಾರ್ಬನ್ ಸ್ಟೀಲೋ, ಸ್ಟೇನ್‌ಲೆಸ್ಸೋ?

ಸುತ್ತಿ ಬಳಸಿ ಹೇಳಲ್ಲ. ನೀವು ವಿಕ್ಟೋರಿನಾಕ್ಸ್‌ನ ಕೆಡೆಟ್ ತಗೊಳ್ಳಿ. ಮರದ ಹಿಡಿಯೇ ಬೇಕು ಅಂತ ಮನಸ್ಸಿದ್ದರೆ ಒಪಿನೆಲ್ 7ನೇ ನಂಬರ್, ಅದೂ ಸ್ಟೇನ್‌ಲೆಸ್. ಕೇಸ್ ಚಾಕು ನನಗೆ ಮೂರರಲ್ಲೂ ಜಾಸ್ತಿ ಇಷ್ಟ, ಆದರೂ ಅದು ನಿಮ್ಮ ಎರಡನೇ ಚಾಕು ಆಗಲಿ.

ಇನ್ನು ಕಾರಣ. ಚಾಕುಗಳ ಬಗ್ಗೆ ಓದೋಕೆ ಕೂತರೆ ಎಲ್ಲರೂ ಸ್ಟೀಲಿನ ಹೆಸರು ಹಿಡಿದೇ ಮಾತಾಡುತ್ತಾರೆ. ಯಾವ ಸ್ಟೀಲ್ ಎಷ್ಟು ಗಟ್ಟಿ, ಯಾವುದು ಎಷ್ಟು ದಿನ ಹರಿತ ಉಳಿಸಿಕೊಳ್ಳುತ್ತದೆ, ಅದೇ ಚರ್ಚೆ. ದಿನನಿತ್ಯದ ಕೆಲಸದಲ್ಲಿ ಅದಕ್ಕಿಂತ ಮುಖ್ಯವಾದದ್ದು ಅಲಗಿನ ದಪ್ಪ. ಈಗಿನ ಕಾಲದ, ಸೈನಿಕರ ಚಾಕಿನಂತೆ ಕಾಣುವ ಕಪ್ಪು ಫೋಲ್ಡಿಂಗ್ ಚಾಕುಗಳ ಬೆನ್ನು 3, 4 ಮಿಲಿಮೀಟರ್ ದಪ್ಪ ಇರುತ್ತದೆ. ಅದರಲ್ಲಿ ಒಂದು ಕ್ಯಾರೆಟ್ ಕೊಯ್ದು ನೋಡಿ. ಅರ್ಧದವರೆಗೆ ಅಲಗು ಹೋಗುತ್ತದೆ, ಆಮೇಲೆ ಕ್ಯಾರೆಟ್ ‘ಟಕ್’ ಅಂತ ಸೀಳಿಕೊಳ್ಳುತ್ತದೆ. ಅದು ಕೊಯ್ದದ್ದಲ್ಲ, ಬೆಣೆ ಹೊಡೆದು ಒಡೆದದ್ದು. ಹಳೇ ಶೈಲಿಯ ಒಳ್ಳೇ ಚಾಕುವಿನ ಬೆನ್ನು 2 ಮಿಲಿಮೀಟರ್ ಆಸುಪಾಸು. ಅಲ್ಲಿಂದ ಬಾಯಿಯ, ಅಂದರೆ ಹರಿತ ಅಂಚಿನ, ಕಡೆಗೆ ನುಣ್ಣಗೆ ಇಳಿಯುತ್ತಾ ಹೋಗುತ್ತದೆ. ಸೀಬೆಹಣ್ಣನ್ನು ಅದರಲ್ಲಿ ಕೊಯ್ದರೆ ಬೀಜದ ಭಾಗದಲ್ಲೂ ಕೈ ತಡೆಯುವುದಿಲ್ಲ, ಹೋಳು ಅಲಗಿಗೆ ಅಂಟಿಕೊಂಡೇ ಬರುತ್ತದೆ. ಹಳೇ ಚಾಕುಗಳನ್ನು ಜನ ಈಗಲೂ ಹುಡುಕಿಕೊಂಡು ಹೋಗುವುದು ಬರೀ ಅಂದಕ್ಕಲ್ಲ, ಅವು ಚೆನ್ನಾಗಿ ಕೊಯ್ಯುತ್ತವೆ.

ನೀವು ದಿನಾ ಏನು ಕೊಯ್ಯುತ್ತೀರಿ ಅಂತ ಒಂದು ವಾರ ಗಮನಿಸಿ. ಕೊರಿಯರ್ ಡಬ್ಬದ ಟೇಪು, ಹಾಲಿನ ಪ್ಯಾಕೆಟ್, ಸೇಬು, ಮಾವು, ಗೊಬ್ಬರದ ಚೀಲದ ದಾರ, ಬಳ್ಳಿ ಕಟ್ಟುವ ಹಗ್ಗ, ಪೆನ್ಸಿಲ್. ಇದಕ್ಕೆಲ್ಲ 6, 7 ಸೆಂಟಿಮೀಟರ್ ಅಲಗು ಧಾರಾಳ ಆಯಿತು. ಎಳನೀರು ಕೆತ್ತೋದು, ಕೊಂಬೆ ಕಡಿಯೋದು, ಡಬ್ಬದ ಮುಚ್ಚಳ ಮೀಟೋದು ಈ ಚಾಕುವಿನ ಕೆಲಸವೇ ಅಲ್ಲ. ತೋಟದಲ್ಲಿ ಅದಕ್ಕೆ ಕತ್ತಿ ಇದ್ದೇ ಇದೆ, ಅಲ್ವಾ?

ಕೆಡೆಟ್ ಯಾಕೆ ಅಂತ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಈಬಾಕ್ ಎಂಬಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಕೆಂಪು ಹಿಡಿಯ ಚಾಕು ಎಲ್ಲರಿಗೂ ಗೊತ್ತು. ಕೆಡೆಟ್ ಅದಲ್ಲ. ಇದರ ಹಿಡಿ ಅಲ್ಯೂಮಿನಿಯಂ, ಮೇಲೆ ಸಣ್ಣ ಸಣ್ಣ ಚೌಕದ ಉಬ್ಬು ಇರುತ್ತದೆ, ಒದ್ದೆ ಕೈಯಲ್ಲೂ ಜಾರುವುದಿಲ್ಲ. ಮಡಚಿದಾಗ 84 ಮಿಲಿಮೀಟರ್ ಉದ್ದ, ತೂಕ 46 ಗ್ರಾಂ. ಒಂದು ಅಲಗು, ಒಂದು ಉಗುರಿನ ಅರ, ಡಬ್ಬ ತೆರೆಯುವುದು, ಬಾಟಲಿ ಮುಚ್ಚಳ ತೆಗೆಯುವುದು. ಡಬ್ಬ ತೆರೆಯುವುದರ ತುದಿ ಸಣ್ಣ ಸ್ಕ್ರೂಡ್ರೈವರ್ ಆಗುತ್ತದೆ, ನನಗೆ ಅದೇ ಅತಿ ಹೆಚ್ಚು ಉಪಯೋಗಕ್ಕೆ ಬಂದಿದೆ. ಜೇಬಿನಲ್ಲಿದೆ ಅಂತ ನೆನಪೇ ಆಗದಷ್ಟು ತೆಳು. ಭಾರದ ಚಾಕು ಕೊಂಡವರು ನಾಲ್ಕು ದಿನ ಹೊತ್ತು ಆಮೇಲೆ ಮೇಜಿನ ಡ್ರಾಯರಿಗೆ ಹಾಕುತ್ತಾರೆ. ಜೇಬಿನಲ್ಲಿ ಇಲ್ಲದ ಚಾಕು ಎಷ್ಟೇ ಚೆಂದ ಇದ್ದರೂ ಏನು ಪ್ರಯೋಜನ?

ಇದರ ಅಲಗಿಗೆ ಲಾಕ್ ಇಲ್ಲ. ಹಿಡಿಯ ಬೆನ್ನಿಗೆ ಒಂದು ಪಟ್ಟಿ ಸ್ಪ್ರಿಂಗ್ ಇರುತ್ತದೆ, ಅದರ ಒತ್ತಡವೇ ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡುತ್ತದೆ. ಹಳೇ ಜೇಬು ಚಾಕುಗಳಲ್ಲಿ ಬಹುಪಾಲು ಹೀಗೇ. ಬಾಯಿಯ ಕಡೆ ಒತ್ತಿ ಕೊಯ್ಯುವಾಗ ಏನೂ ಆಗುವುದಿಲ್ಲ. ಮೊನೆಯಿಂದ ಚುಚ್ಚಿದರೆ, ಅಥವಾ ಅಲಗು ಸಿಕ್ಕಿಕೊಂಡಾಗ ಬೆನ್ನಿನ ಮೇಲೆ ಭಾರ ಬಿಟ್ಟರೆ ಮಾತ್ರ ಅದು ಬೆರಳಿನ ಮೇಲೆ ಮಡಚಿಕೊಳ್ಳುತ್ತದೆ. ತೂತು ಕೊರೆಯುವ ಕೆಲಸಕ್ಕೆ ಇದನ್ನು ಬಳಸಲೇಬೇಡಿ. ಮಡಚುವಾಗ ಬೆರಳುಗಳು ಅಲಗು ಬಂದು ಕೂರುವ ಸಂದಿಯಿಂದ ಹೊರಗಿರಲಿ, ಅಂಗೈಯಿಂದ ಬೆನ್ನನ್ನು ನಿಧಾನಕ್ಕೆ ತಳ್ಳಿ. ಎರಡು ಮೂರು ದಿನದಲ್ಲಿ ಇದು ಕೈಗೆ ಒಗ್ಗುತ್ತದೆ.

ಒಪಿನೆಲ್ ಬೇರೆ ಜಾತಿ. ಫ್ರಾನ್ಸಿನ ಆಲ್ಪ್ಸ್ ಪರ್ವತದ ಸಾವೊಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು. ಒಂದು ಬೀಚ್ ಮರದ ತುಂಡು, ಅದರಲ್ಲಿ ಒಂದು ಸೀಳು, ಒಂದು ಅಲಗು, ಒಂದು ಮೊಳೆ, ಕತ್ತಿನಲ್ಲಿ ಲೋಹದ ಉಂಗುರ. ಅಷ್ಟೇ. 1955ರಲ್ಲಿ ತಿರುಗಿಸುವ ಇನ್ನೊಂದು ಉಂಗುರ ಸೇರಿಸಿದರು. ಅಲಗು ತೆರೆದು ಉಂಗುರ ತಿರುಗಿಸಿದರೆ ಲಾಕ್ ಆಗುತ್ತದೆ. ಅಲಗು ತುಂಬಾ ತೆಳು, ಹಣ್ಣು ತರಕಾರಿಗೆ ಮೂರರಲ್ಲಿ ಇದೇ ಮೊದಲು. ಹೆಚ್ಚಿನವರು 8ನೇ ನಂಬರ್ ಕೊಳ್ಳುತ್ತಾರೆ, ಅದರ ಅಲಗು 8.5 ಸೆಂಟಿಮೀಟರ್. ಪ್ಯಾಂಟಿನ ಜೇಬಿಗೆ ಅದು ನನ್ನ ಲೆಕ್ಕದಲ್ಲಿ ಸ್ವಲ್ಪ ಉದ್ದ, ಬೈಕಿನಲ್ಲಿ ಕೂತಾಗ ತೊಡೆಗೆ ಒತ್ತುತ್ತದೆ. 7ನೆಯದು 8 ಸೆಂಟಿಮೀಟರ್, 6ನೆಯದು 7.

ಆದರೆ ನಿಮ್ಮೂರು ಮಲೆನಾಡು. ಜೂನ್ ಜುಲೈಯಲ್ಲಿ ಗಾಳಿಯಲ್ಲೇ ನೀರಿರುತ್ತದೆ. ಒಪಿನೆಲ್‌ನ ಮರ ಆ ತೇವ ಕುಡಿದು ಉಬ್ಬುತ್ತದೆ, ಸೀಳು ಬಿಗಿಯಾಗಿ ಅಲಗನ್ನು ಕಚ್ಚಿಕೊಳ್ಳುತ್ತದೆ, ಉಗುರಿನಿಂದ ಎಳೆದರೆ ಉಗುರು ಮುರಿಯಬೇಕೇ ಹೊರತು ಅಲಗು ಬರುವುದಿಲ್ಲ. ಸಾವೊಯ್‌ನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಉಂಗುರದ ಲಾಕ್ ಬಿಡಿಸಿ, ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಒಮ್ಮೆ ಕುಟ್ಟುತ್ತಾರೆ. ಅಲಗು ಸ್ವಲ್ಪ ಹೊರಗೆ ಬರುತ್ತದೆ, ಆಮೇಲೆ ಹಿಡಿದು ಎಳೆಯಬಹುದು. ಬೇಸಿಗೆಯಲ್ಲೇ ಚಾಕುವನ್ನು ಚೆನ್ನಾಗಿ ಒಣಗಿಸಿ, ಸೀಳಿನ ಒಳಗೆ ಮರಕ್ಕೆ ಅಗಸೆ ಎಣ್ಣೆ ಕುಡಿಸಿಟ್ಟರೆ ಈ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ. ಸಿಂಕಿನಲ್ಲಿ ಪಾತ್ರೆ ಜೊತೆ ನೆನೆಸಿಡುವುದಂತೂ ಬೇಡವೇ ಬೇಡ.

ಸ್ಟೀಲಿನ ಪ್ರಶ್ನೆಗೂ ಇದೇ ಮಳೆಯೇ ಉತ್ತರ. ಕಾರ್ಬನ್ ಸ್ಟೀಲ್ ಕಲ್ಲಿನ ಮೇಲೆ ಬೇಗ ಹರಿತ ಆಗುತ್ತದೆ, ಮಸೆಯುವಾಗ ಕೈಗೆ ಹಿತ. ಮಾವಿನಕಾಯಿ ಕೊಯ್ದರೆ ಅಲಗಿನ ಮೇಲೆ ಬೂದಿ, ನೀಲಿ ಬಣ್ಣದ ಕಲೆ ಏಳುತ್ತದೆ. ಅದು ತುಕ್ಕಲ್ಲ, ಅದಕ್ಕೆ ಹೆದರಬೇಡಿ, ಉಜ್ಜಿ ತೆಗೆಯಲೂ ಬೇಡಿ. ಆ ಪದರ ಕೂತಷ್ಟೂ ಕೆಂಪು ತುಕ್ಕು ಹತ್ತುವುದು ಕಡಿಮೆ. ಆದರೆ ಬೆವರಿದ ಜೇಬಿನಲ್ಲಿ ಒಂದು ಮಧ್ಯಾಹ್ನ ಇದ್ದರೂ ಕೀಲಿನ ಬಳಿ ಕಂದು ಚುಕ್ಕೆ ಕಾಣಿಸಿಕೊಳ್ಳುತ್ತದೆ. ನಿಂಬೆಹಣ್ಣು ಕೊಯ್ದರೆ ಪಾನಕಕ್ಕೆ ಕಬ್ಬಿಣದ ರುಚಿ ಬರುತ್ತದೆ. ಪ್ರತಿಸಲ ಒರೆಸಿಡುವ ಅಭ್ಯಾಸ ಇರುವವರಿಗೆ ಕಾರ್ಬನ್ ಚೆಂದ. ಮೊದಲ ಚಾಕುವಿಗೆ, ಮಲೆನಾಡಿಗೆ, ಕರಾವಳಿಗೆ ಸ್ಟೇನ್‌ಲೆಸ್ಸೇ ಸರಿ. ಒಪಿನೆಲ್‌ನಲ್ಲಿ ಅಲಗಿನ ಮೇಲೆ ‘ಇನಾಕ್ಸ್’ ಅಂತ ಕೊರೆದಿದ್ದರೆ ಸ್ಟೇನ್‌ಲೆಸ್, ‘ಕಾರ್ಬೋನ್’ ಅಂತಿದ್ದರೆ ಕಾರ್ಬನ್. ಆರ್ಡರ್ ಮಾಡುವಾಗ ಫೋಟೊದಲ್ಲಿ ಅದನ್ನು ನೋಡಿಕೊಳ್ಳಿ.

ಎಣ್ಣೆ ವಿಷಯ ಬಂದದ್ದರಿಂದ ಹೇಳುತ್ತೇನೆ. ಕೀಲಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗಿ ಧೂಳು ಹಿಡಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ, ಹಣ್ಣು ಕೊಯ್ಯುವ ಚಾಕುವಿಗೂ ಅದು ನಡೆಯುತ್ತದೆ. ಒಂದು ಹನಿ ಸಾಕು. ಹಲಸಿನಹಣ್ಣು ಬಿಡಿಸುವ ಮುಂಚೆ ಮಾತ್ರ ಅಲಗಿಗೆ ಕೊಬ್ಬರಿ ಎಣ್ಣೆಯನ್ನೇ ಸವರಿ. ಮೇಣ ಕೀಲಿನೊಳಗೆ ಹೋದರೆ ಬಿಡಿಸುವುದು ಬಹಳ ಕಷ್ಟ.

ಕೇಸ್ ಬಗ್ಗೆ ಬರೆಯೋಕೆ ನನಗೆ ಖುಷಿ. 1889ರಿಂದ ಇರುವ ಅಮೆರಿಕದ ಹೆಸರು, ಪೆನ್ಸಿಲ್ವೇನಿಯಾದ ಬ್ರ್ಯಾಡ್‌ಫರ್ಡ್‌ನಲ್ಲಿ ತಯಾರಾಗುತ್ತದೆ. ಇವರ ನಂಬರುಗಳಿಗೆ ಅರ್ಥ ಇದೆ. ಉದಾಹರಣೆಗೆ 6318. ಮೊದಲ 6 ಅಂದರೆ ಗೀರು ಹೊಡೆದ ಮೂಳೆಯ ಹಿಡಿ, 3 ಅಂದರೆ ಮೂರು ಅಲಗು, 18 ಅಂದರೆ ವಿನ್ಯಾಸದ ಸಂಖ್ಯೆ. ಇದೇ ಚಾಕು ಹಳದಿ ಸಿಂಥೆಟಿಕ್ ಹಿಡಿಯಲ್ಲಿ ಬಂದರೆ 3318. ಈ ಮೂರು ಅಲಗಿನ ವಿನ್ಯಾಸವನ್ನು ಸ್ಟಾಕ್‌ಮನ್ ಅನ್ನುತ್ತಾರೆ, ದನ ಸಾಕುವವರ ಚಾಕು. ಚೂಪು ಮೊನೆಯದು ಒಂದು, ನೇರ ಬಾಯಿಯದು ಒಂದು, ಮೊಂಡು ಮೊನೆಯದು ಒಂದು. ನಾನು ನೇರ ಬಾಯಿಯದನ್ನು ರಟ್ಟು, ಟೇಪಿಗೆ ಇಟ್ಟುಕೊಂಡು ಚೂಪು ಮೊನೆಯದನ್ನು ಹಣ್ಣಿಗೆ ಮಾತ್ರ ಬಳಸುತ್ತೇನೆ. ಒಂದೇ ಚಾಕುವಿನಲ್ಲಿ ಹೀಗೆ ಮಡಿ ಮೈಲಿಗೆ ಬೇರೆ ಇಡಬಹುದು ಅನ್ನೋದು ಸಣ್ಣ ಅನುಕೂಲವಲ್ಲ. ತೆರೆಯುವಾಗ, ಮಡಚುವಾಗ ಸ್ಪ್ರಿಂಗ್ ಕೊಡುವ ಆ ಗಟ್ಟಿ ‘ಟಕ್’ ಶಬ್ದ ಕೇಳಿದರೆ ಮತ್ತೆ ಮತ್ತೆ ತೆರೆಯೋಣ ಅನ್ನಿಸುತ್ತದೆ.

ಹಾಗಾದರೆ ಮೊದಲೇ ಇದನ್ನೇ ಯಾಕೆ ಬೇಡ ಅಂದೆ? ಇಲ್ಲಿಗೆ ತರಿಸುವಾಗ ಸಾಗಣೆ, ಸುಂಕ ಎಲ್ಲ ಸೇರಿ ಬೆಲೆ ಏರುತ್ತದೆ. ಬೆಲೆ ಜಾಸ್ತಿ ಆದಷ್ಟೂ ಬಳಸೋಕೆ ಕೈ ಹಿಂಜರಿಯುತ್ತದೆ, ಮಸೆಯೋಕೆ ಇನ್ನೂ ಹಿಂಜರಿಯುತ್ತದೆ. ಮಸೆಯುವುದನ್ನು ಕಲಿಯುವವರೆಗೆ ನಿಮಗೆ ಗೀರು ಬಿದ್ದರೂ ಹೊಟ್ಟೆ ಉರಿಯದ ಚಾಕು ಬೇಕು. ಇನ್ನೊಂದು, ಮೂಳೆಯ ಹಿಡಿ ಅಂದರೆ ಸಾಮಾನ್ಯವಾಗಿ ದನದ ಕಾಲಿನ ಮೂಳೆ. ನಿಮ್ಮ ಮನೆಯಲ್ಲಿ ಅದನ್ನು ಅಡುಗೆಮನೆಗೆ ತಂದರೆ ಅಮ್ಮ, ಅಜ್ಜಿ ಒಪ್ಪದೇ ಇರಬಹುದು. ತರಿಸುವ ಮುಂಚೆ ಗೊತ್ತಿರಲಿ. ಹಳದಿ ಸಿಂಥೆಟಿಕ್ ಹಿಡಿಗೆ ಆ ರಗಳೆ ಇಲ್ಲ.

ಚಾಕು ಕೈಗೆ ಬಂದ ಕೂಡಲೇ ಮೂರು ವಿಷಯ ನೋಡಿ. ಅಲಗು ತೆರೆದು ಮೊನೆಯ ಹತ್ತಿರ ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ, ಕೀಲಿನಲ್ಲಿ ಅಲುಗಾಟ ಇರಬಾರದು. ಮಡಚಿ ಮೇಲಿನಿಂದ ನೋಡಿ, ಅಲಗು ಪಕ್ಕದ ತಗಡಿಗೆ ಉಜ್ಜದೆ ನಡುವೆ ಕೂತಿರಬೇಕು. ತೆರೆದು ಬೆಳಕಿಗೆ ಹಿಡಿದಾಗ ಸ್ಪ್ರಿಂಗ್ ಮತ್ತು ಅಲಗಿನ ಬುಡದ ಸಂದಿಯಲ್ಲಿ ಬೆಳಕು ತೂರಬಾರದು. ಇದರಲ್ಲಿ ಯಾವುದು ಕೆಟ್ಟಿದ್ದರೂ ವಾಪಸ್ ಕಳಿಸಿ, ಬಳಸುತ್ತಾ ಸರಿಹೋಗುತ್ತದೆ ಅಂತ ಸುಮ್ನೆ ಇಟ್ಟುಕೊಳ್ಳಬೇಡಿ. ‘ಲಾಗಿಯೋಲ್’ ಅಂತ ಬರೆದಿರುವ ಅಗ್ಗದ ಚಾಕುಗಳನ್ನು ನೋಡಿ ಮರುಳಾಗಬೇಡಿ. ಅದು ಫ್ರಾನ್ಸಿನ ಒಂದು ಊರಿನ ಹೆಸರು, ಆ ಹೆಸರು ಹೊತ್ತ ಚಾಕು ಎಲ್ಲೆಲ್ಲೋ ತಯಾರಾಗುತ್ತದೆ.

ಮಸೆಯೋಕೆ 1000 ಗ್ರಿಟ್ಟಿನ (ಗ್ರಿಟ್ ಅಂದರೆ ಕಲ್ಲಿನ ನಯದ ಅಳತೆ) ಒಂದು ನೀರುಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ಸಾಕು. ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರ ಹತ್ತಿರ ಮನೆಯ ಈಳಿಗೆ ಮಣೆ ಕೊಡಿ, ಈ ತೆಳು ಅಲಗು ಮಾತ್ರ ಕೊಡಬೇಡಿ. ಚಕ್ರ ಒಂದೇ ಸಲಕ್ಕೆ ಉಕ್ಕು ಜಾಸ್ತಿ ತಿಂದುಬಿಡುತ್ತದೆ, ಬಿಸಿಗೆ ಬಾಯಿಯ ಗಟ್ಟಿತನವೂ ಹೋಗಬಹುದು. ಕಲ್ಲಿಗೆ ನೀರು ಹಾಕಿ, ಅಲಗನ್ನು 15ರಿಂದ 20 ಡಿಗ್ರಿ ಓರೆಯಲ್ಲಿ ಇಟ್ಟು ಎಳೆಯಿರಿ. ಓರೆ ಸರಿಯಾಗಿದೆಯೋ ಅಂತ ಗೊತ್ತಾಗೋಕೆ ಬಾಯಿಯ ಉದ್ದಕ್ಕೂ ಕಪ್ಪು ಮಾರ್ಕರ್ ಬಳಿಯಿರಿ. ನಾಲ್ಕು ಸಲ ಎಳೆದು ನೋಡಿ. ಬಣ್ಣ ತುದಿಯವರೆಗೂ ಹೋಗಿದ್ದರೆ ಸರಿ. ಮೇಲ್ಗಡೆ ಮಾತ್ರ ಹೋಗಿ ತುದಿಯಲ್ಲಿ ಉಳಿದಿದ್ದರೆ ಬೆನ್ನನ್ನು ಇನ್ನೂ ಸ್ವಲ್ಪ ಎತ್ತಬೇಕು. ಒಂದು ಬದಿ ಸಾಕಷ್ಟು ಮಸೆದಾಗ ಇನ್ನೊಂದು ಬದಿಯಲ್ಲಿ ಬೆರಳಿಗೆ ಸಣ್ಣ ತರಿ ತಾಗುತ್ತದೆ, ಆಗ ಬದಿ ಬದಲಿಸಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈ ಮೇಲೆ ಬೆನ್ನು ಮುಂದಾಗಿ ಹತ್ತಾರು ಸಲ ಎಳೆದರೆ ಆ ತರಿ ಉದುರುತ್ತದೆ. ಹಣ್ಣಾದ ಟೊಮ್ಯಾಟೊ ಸಿಪ್ಪೆ ಒತ್ತದೇ ಕೊಯ್ದರೆ ಕೆಲಸ ಮುಗಿಯಿತು.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ನಮ್ಮ ಶಸ್ತ್ರಾಸ್ತ್ರ ನಿಯಮಗಳು ಹೆಸರಿಸುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆ, ಕೃಷಿ ಕೆಲಸದ ಸಾಧನಗಳನ್ನು ಅದರಿಂದ ಹೊರಗಿಟ್ಟಿದೆ. ಈ ಮೂರು ಚಾಕುಗಳೂ ಆ ಅಳತೆಯ ಹತ್ತಿರವೂ ಬರುವುದಿಲ್ಲ. ಆದರೆ ಊರಿನಲ್ಲಿ ನಿಷೇಧಾಜ್ಞೆ ಇದ್ದಾಗ ಆದೇಶದಲ್ಲಿ ಸಾಮಾನ್ಯವಾಗಿ ಚಾಕು, ಚೂರಿ ಹಿಡಿದು ಓಡಾಡಬಾರದು ಅಂತಲೂ ಇರುತ್ತದೆ, ಆ ದಿನಗಳಲ್ಲಿ ಮನೆಯಲ್ಲೇ ಬಿಡಿ. ಮೆಟ್ರೊದ ತಪಾಸಣೆಯಲ್ಲಿ ಚಾಕು ಬಿಡದೇ ಇರಬಹುದು, ಮೆಟ್ರೊದಲ್ಲಿ ಆಫೀಸಿಗೆ ಹೋಗುವ ದಿನ ತರಬೇಡಿ. ವಿಮಾನದಲ್ಲಾದರೆ ಚೆಕ್-ಇನ್ ಬ್ಯಾಗಿನಲ್ಲಿ ಮಾತ್ರ. ಬಟನ್ ಒತ್ತಿದರೆ ಚಿಮ್ಮುವ ಚಾಕು ಯಾರಾದರೂ ತೋರಿಸಿದರೂ ಮುಟ್ಟಬೇಡಿ, ಅದನ್ನು ಕಂಡ ಪೊಲೀಸರಿಗೆ ಸೇಬು ಕೊಯ್ಯೋಕೆ ಅಂತ ಹೇಳಿ ನಂಬಿಸುವುದು ಕಷ್ಟ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಅಲ್ಲಿ ಲೆಕ್ಕ ಬೇರೆ. ಸಕಾರಣ ಇಲ್ಲದೆ ಹೊರಗೆ ಒಯ್ಯಬಹುದಾದದ್ದು 3 ಇಂಚಿನೊಳಗಿನ ಬಾಯಿಯ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಉಂಗುರದ ಲಾಕ್ ಇರುವ ಒಪಿನೆಲ್ ಆ ವಿನಾಯಿತಿಯಲ್ಲಿ ಬರುವುದಿಲ್ಲ, ಕೆಡೆಟ್ ಬರುತ್ತದೆ.