ಲ್ಯಾಕ್ಸ್‌ಟನ್ ಲೇಖನ: ಹೊಲಕ್ಕಿಳಿದು ಬರೆಯಿರಿ

ಪ್ರಿಯ ಲೇಖಕರೇ,

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಹಳ್ಳಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಅದನ್ನು ಪ್ರಕಟಿಸಲಾಗದು. ಕೈಬಿಡಲೂ ಮನಸ್ಸಿಲ್ಲ, ಊರು ಅಂಥದ್ದು.

ಮೊದಲ ಎರಡು ಪುಟ ರೈಲು, ಮಂಜು, ಹಸಿರು. ಅಷ್ಟನ್ನೂ ತೆಗೆದುಹಾಕಿ. ಕೋಟೆ ದಿಬ್ಬದ ವರ್ಣನೆ ನಾಲ್ಕು ಸಾಲಿಗೆ ಇಳಿಯಲಿ. ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಅಂಥ ದಿಬ್ಬಗಳನ್ನು ಇಂಗ್ಲೆಂಡಿನ ಉದ್ದಗಲಕ್ಕೂ ಕಟ್ಟಿದ್ದಾರೆ. ಬೇರೆಡೆ ತೀರಾ ಅಪರೂಪವಾದ ಸಂಗತಿಗೆ ನೀವು ಕೊಟ್ಟಿರುವುದು ಒಂದೇ ವಾಕ್ಯ: 'ಇಲ್ಲಿ ಇಂದಿಗೂ ಹಳೇ ಪದ್ಧತಿಯ ಬೇಸಾಯವಿದೆ.'

ಎಂಥ ಬೇಸಾಯ? ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಎಂಬ ಮೂರು ದೊಡ್ಡ ಬಯಲುಗಳು, ನಡುವೆ ಬೇಲಿಯಿಲ್ಲದ ಪಟ್ಟಿಗಳು, ಒಬ್ಬೊಬ್ಬ ರೈತನ ಪಾಲೂ ಅಲ್ಲಲ್ಲಿ ಚದುರಿರುತ್ತದೆ. ಒಂದು ಬಯಲಿಗೆ ಗೋಧಿ, ಇನ್ನೊಂದಕ್ಕೆ ವಸಂತದ ಬೆಳೆ, ಮೂರನೆಯದು ಬೀಳು ಅಥವಾ ಮೇವು. ಪ್ರತಿವರ್ಷ ಸರದಿ ಬದಲಾಗುತ್ತದೆ. ಮನೆಗಳು ಬೀದಿಗುಂಟ ಒತ್ತಾಗಿರುವುದನ್ನು 'ಚಿತ್ರದಂತೆ ಸುಂದರ' ಎಂದಿದ್ದೀರಿ. ಹೊಲ ಮೂರು ದಿಕ್ಕಿಗೆ ಹಂಚಿಹೋದವನು ಮನೆಯನ್ನು ಊರೊಳಗೇ ಕಟ್ಟುತ್ತಾನೆ. ಆ ಕಾರಣ ಬರೆದರೆ ಬೀದಿಯೂ ಓದುಗರಿಗೆ ಕಾಣುತ್ತದೆ.

ನವೆಂಬರ್ ಕೊನೆಯಲ್ಲಿ ಊರಿನ ಜ್ಯೂರಿ, ಅಂದರೆ ರೈತರದೇ ತೀರ್ಪುಗಾರರ ತಂಡ, ಗೋಧಿ ಬಿತ್ತಿದ ಬಯಲಿಗೆ ಹೋಗುತ್ತದೆ. ಯಾರಾದರೂ ದಾರಿಯನ್ನೋ, ಎಲ್ಲರಿಗೂ ಸೇರಿದ ಹುಲ್ಲುಪಟ್ಟಿಯನ್ನೋ ಒತ್ತಿ ಉತ್ತಿದ್ದಾರೆಯೇ ಎಂದು ನೋಡಿ, ಗಡಿಗೆ ಮರದ ಗೂಟ ಹೊಡೆಯುತ್ತದೆ. ವಾರದ ನಂತರ ಡವ್‌ಕೋಟ್ ಎಂಬ ಪಬ್ಬಿನಲ್ಲಿ 'ಕೋರ್ಟ್ ಲೀಟ್' ಎಂಬ ಊರಿನ ಹಳೇ ನ್ಯಾಯಸಭೆ ಸೇರುತ್ತದೆ, ಒತ್ತುವರಿಗೆ ದಂಡ ಬೀಳುತ್ತದೆ. ಬದುವಿನ ಜಗಳ ಕಂಡು ಬೆಳೆದ ನಮ್ಮ ಓದುಗರಿಗೆ ಇದಕ್ಕಿಂತ ಹತ್ತಿರದ ಸಂಗತಿ ಬೇಕೇ? ನಿಮ್ಮ ಲೇಖನದಲ್ಲಿ ಆ ಗೂಟ ಇಲ್ಲವೇ ಇಲ್ಲ.

'ಶತಮಾನಗಳಿಂದ ಏನೂ ಬದಲಾಗಿಲ್ಲ' ಎಂಬ ಮಾತು ತಪ್ಪು. 1635ರಲ್ಲಿ ಭೂಮಾಪಕ ಮಾರ್ಕ್ ಪಿಯರ್ಸ್ ಬರೆದ ನಕ್ಷೆಯನ್ನು ನೋಡಿ, ಪಟ್ಟಿಗಳು ಎಷ್ಟು ಕಿರಿದು! ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವನ್ನು ಒಗ್ಗೂಡಿಸಿ ಅಗಲ ಮಾಡಿದರು. ಒಡೆತನವೂ ಕೈಬದಲಾಗಿದೆ: ಊರಿನ ಜಮೀನ್ದಾರ ಅರ್ಲ್ ಮ್ಯಾನ್ವರ್ಸ್‌ರಿಂದ 1952ರಲ್ಲಿ ಸರ್ಕಾರದ ಕೃಷಿ ಸಚಿವಾಲಯಕ್ಕೆ, 1981ರಲ್ಲಿ ರಾಜಪದವಿಗೆ ಸೇರಿದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ, ಇತ್ತೀಚೆಗೆ ಮತ್ತೆ ಮ್ಯಾನ್ವರ್ಸ್ ಮನೆತನದ್ದೇ ಆಗಿದ್ದ ಥೋರ್ಸ್‌ಬಿ ಎಸ್ಟೇಟ್‌ಗೆ. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಇಂಗ್ಲೆಂಡಿನಲ್ಲಿ ಉಳಿದಿದ್ದ ಬಹುಪಾಲು ತೆರೆದ ಬಯಲುಗಳಿಗೆ ಸಂಸತ್ತಿನ ಕಾಯ್ದೆಗಳ ಮೂಲಕ ಬೇಲಿ ಬಿತ್ತು. ಇಷ್ಟೆಲ್ಲದರ ನಡುವೆ ಈ ಊರಿನ ವ್ಯವಸ್ಥೆ ಉಳಿಯಿತು. ನಿಮ್ಮ ಲೇಖನದ ಬೆನ್ನೆಲುಬು ಅದಾಗಲಿ.

ನಿಮ್ಮ ಭಾಷೆ ಚೆನ್ನಾಗಿದೆ. ಹುಲ್ಲಿನ ಹರಾಜಿನ ಬಗ್ಗೆ ಬರೆದ ಪ್ಯಾರಾದಲ್ಲಿ ವಿಶೇಷಣವೇ ಇಲ್ಲ, ಇಡೀ ಬರಹದಲ್ಲಿ ಜೀವ ಬಂದಿರುವುದೂ ಅಲ್ಲೇ. ನೀವಿರುವುದು ನಾಟಿಂಗ್‌ಹ್ಯಾಮ್‌ನಲ್ಲೇ ಆದ್ದರಿಂದ, ನವೆಂಬರ್‌ನಲ್ಲಿ ಅನುಮತಿ ಕೇಳಿ ಜ್ಯೂರಿಯ ಜೊತೆ ನಡೆಯಿರಿ. ಗೂಟ ಹೊಡೆಯುವವರನ್ನು ಮಾತಾಡಿಸಿ, ಅಲ್ಲಿಂದಲೇ ಲೇಖನ ಶುರುಮಾಡಿ. ಸಾವಿರದ ಇನ್ನೂರು ಪದ ಮೀರದಂತೆ ಬರೆದು ಕಳಿಸಿದರೆ ಮೊದಲು ಅದನ್ನೇ ಓದುತ್ತೇನೆ.

— ಸಂಪಾದಕ