ದೊಡ್ಡ ದಾನಿ ಹೋದ ಮೇಲೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಿಂದ ಓದುಗರೊಬ್ಬರು ಬರೆದಿದ್ದಾರೆ. ಗುಳೆ ಹೋಗುವ ಮನೆಗಳ ಮಕ್ಕಳಿಗಾಗಿ ಅವರ ಸಂಸ್ಥೆ ಎರಡು ಊರುಗಳಲ್ಲಿ ವಸತಿ ಕೇಂದ್ರ ನಡೆಸುತ್ತದೆ. ಜೊತೆಗೊಂದು ಹೊಲಿಗೆ ತರಬೇತಿ ಕೇಂದ್ರವೂ ಇದೆ. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ತನಗೆ ಬಂದ ವಿದೇಶಿ ಹಣದಲ್ಲಿ ಪಾಲು ಕೊಡುತ್ತಿತ್ತು. ಅದು ನಿಂತಿತು. ಆಮೇಲೆ ಸಿಕ್ಕ ಕಂಪನಿಯೊಂದರ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ) ಹಣ ಈ ಮಾರ್ಚ್‌ಗೆ ಮುಗಿಯುತ್ತದೆ. ‘ಇನ್ನೊಬ್ಬ ದೊಡ್ಡ ದಾನಿ ಎಲ್ಲಿ ಸಿಗುತ್ತಾರೆ? ಸಿಗದಿದ್ದರೆ ಬೀಗ ಹಾಕಬೇಕಾ?’ ಎಂದು ಕೇಳಿ, ಬಜೆಟ್ ಪ್ರತಿಯನ್ನೂ ಕಳಿಸಿದ್ದಾರೆ.

ಅಕ್ಕಾ, ಬೀಗ ಹಾಕಬೇಡಿ. ಆದರೆ ದೊಡ್ಡ ದಾನಿಯ ಹುಡುಕಾಟವನ್ನೂ ಸ್ವಲ್ಪ ದಿನ ಬದಿಗಿಡಿ. ಸಿಕ್ಕರೂ ಮೂರು ವರ್ಷಕ್ಕೆ ಇದೇ ಪತ್ರ ಮತ್ತೆ ಬರೆಯುತ್ತೀರಿ.

ಮೊದಲ ಹಣ ನಿಂತಿದ್ದರಲ್ಲಿ ನಿಮ್ಮ ತಪ್ಪೇನಿಲ್ಲ. ಒಂದು ಸಂಸ್ಥೆ ತಾನು ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ ಎಂದು 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಹಳ್ಳಿಗಾಡಿನ ಸಣ್ಣ ಸಂಸ್ಥೆಗಳಿಗೆ ಅದು ದೊಡ್ಡ ಪೆಟ್ಟು.

ಸಿಎಸ್‌ಆರ್ ಬಜೆಟ್ ನೋಡಿ ಮಾತ್ರ ಬೇಸರವಾಯಿತು. ಊಟ, ಹಾಸಿಗೆ, ನೋಟ್‌ಬುಕ್ ಎಲ್ಲ ಇದೆ. ಆಫೀಸಿನ ಬಾಡಿಗೆ ಇಲ್ಲ, ಲೆಕ್ಕ ಬರೆಯುವವರ ಸಂಬಳ ಇಲ್ಲ, ಆಡಿಟ್ ಫೀ ಇಲ್ಲ. ಅದನ್ನೆಲ್ಲ ನೀವು ಕೈಯಿಂದ ಹಾಕಿದ್ದೀರಿ, ಅಲ್ವಾ? ‘ಆಡಳಿತಕ್ಕೆ 5 ಪರ್ಸೆಂಟ್‌ಗಿಂತ ಜಾಸ್ತಿ ಕೊಡುವಂತಿಲ್ಲ’ ಎಂದು ಕಂಪನಿಯವರು ಹೇಳಿದರಂತೆ. ಸಿಎಸ್‌ಆರ್ ನಿಯಮದ ಆ ಮಿತಿ ಕಂಪನಿಯ ಸ್ವಂತ ಆಡಳಿತ ಖರ್ಚಿಗೆ ಹಾಕಿದ್ದು, ನಿಮ್ಮ ಖರ್ಚಿಗಲ್ಲ. ಮುಂದಿನ ಸಲ ಒಂದು ಮಗುವಿಗೆ ತಿಂಗಳಿಗೆ ನಿಜವಾಗಿ ಎಷ್ಟು ಬೀಳುತ್ತದೆ ಎಂದು ಬಾಡಿಗೆ, ಆಡಿಟ್ ಎಲ್ಲ ಸೇರಿಸಿ ಕೇಳಿ. ನಿಮ್ಮ ಸುತ್ತಲಿನ ವಾಡಿ, ಸೇಡಂ, ಮಳಖೇಡದ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಕಂಪನಿ ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದು 2013ರ ಕಂಪನಿ ಕಾಯ್ದೆಯೇ ಹೇಳುತ್ತದೆ. ಒಂದೇ ವರ್ಷಕ್ಕೆ ಕೇಳಬೇಡಿ. ಶುರುವಾದ ವರ್ಷ ಬಿಟ್ಟು ಮತ್ತೆ ಮೂರು ವರ್ಷದವರೆಗೆ ನಡೆಸುವ ಯೋಜನೆಗೂ ನಿಯಮದಲ್ಲಿ ಜಾಗವಿದೆ.

ಖಾತೆಯಲ್ಲಿ ದುಡ್ಡು ಉಳಿದರೆ ತೆರಿಗೆ ಬೀಳುತ್ತದೆ ಎಂಬ ಭಯವನ್ನೂ ಬರೆದಿದ್ದೀರಿ. ಈ ಭಯಕ್ಕೇ ಎಷ್ಟೋ ಕಡೆ ಮಾರ್ಚ್ ತಿಂಗಳಲ್ಲಿ ಸುಮ್ನೆ ಕಾರ್ಯಾಗಾರ, ಬ್ಯಾನರ್ ಅಂತ ಖಾಲಿ ಮಾಡುತ್ತಾರೆ. ತೆರಿಗೆ ವಿನಾಯಿತಿಗೆ ನೋಂದಾಯಿಸಿಕೊಂಡ ಸಂಸ್ಥೆ ವರ್ಷದ ಆದಾಯದ 85 ಪರ್ಸೆಂಟ್ ತನ್ನ ಉದ್ದೇಶಕ್ಕೆ ಬಳಸಬೇಕು. ಉಳಿದ 15 ಪರ್ಸೆಂಟ್ ಕೂಡಿಡಬಹುದು. ಒಂದು ಯೋಜನೆಗೆಂದೇ ಬಂದ ಹಣವನ್ನು ಹೀಗೆ ಇಟ್ಟುಕೊಳ್ಳಲಾಗದು, ಒಪ್ಪಂದದಂತೆ ನಡೆಯಬೇಕು. ನಿಮ್ಮದೇ ದೇಣಿಗೆಯಿಂದ ಆರು ತಿಂಗಳ ಸಂಬಳದಷ್ಟು ಠೇವಣಿ ಮಾಡಿ. ಕಂಪನಿಯ ಕಂತು ತಡವಾದಾಗ ಅಡುಗೆಯವರಿಗೆ ‘ಮುಂದಿನ ತಿಂಗಳು ನೋಡೋಣ’ ಅನ್ನುವುದು ತಪ್ಪುತ್ತದೆ.

ಆ ದೇಣಿಗೆ ಎಲ್ಲಿಂದ ಬರಬೇಕು? ಇಲ್ಲಿಂದಲೇ. ಶರಣಬಸವೇಶ್ವರರ ದಾಸೋಹದ ನಾಡಿದು. ನಮ್ಮ ಜನ ಅನ್ನಕ್ಕೆ ಕೊಡುತ್ತಾರೆ, ಸಂಬಳಕ್ಕೆ ಅಂದರೆ ಮುಖ ತಿರುಗಿಸುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ. ತೊಗರಿ ರಾಶಿಯ ಹೊತ್ತಿಗೆ ರೈತರ ಹತ್ತಿರ, ಕಲಬುರಗಿಯ ದಾಲ್ ಮಿಲ್‌ಗಳ ಹತ್ತಿರ ಹೋಗಿ ಬೇಳೆ ಕೇಳಿ. ಸುಗ್ಗಿಯಲ್ಲಿ ಜೋಳ ಕೇಳಿ. ಬಂದ ಒಂದೊಂದು ಚೀಲವನ್ನೂ ರಿಜಿಸ್ಟರಿನಲ್ಲಿ ಬರೆದು, ಕೊಟ್ಟವರಿಗೆ ರಸೀದಿ ಕೊಡಿ. ಅಡುಗೆಗೆ ಹೋಗುತ್ತಿದ್ದ ನಗದು ಶಿಕ್ಷಕಿಯರ ಸಂಬಳಕ್ಕೆ ಉಳಿಯುತ್ತದೆ. ನಿಮ್ಮ ತಾಲ್ಲೂಕಿನಿಂದ ಹೈದರಾಬಾದ್, ಬೆಂಗಳೂರಿಗೆ ಹೋಗಿ ನೌಕರಿ ಮಾಡುವವರಿಂದ ತಿಂಗಳಿಗೆ 200 ರೂಪಾಯಿ ಕೇಳಿ. ದೇಣಿಗೆಗೆ ಸಿಗುವ ತೆರಿಗೆ ರಿಯಾಯಿತಿಯ ಆಸೆ ತೋರಿಸಲು ಹೋಗಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದು ಸಿಗುವುದಿಲ್ಲ. ವರ್ಷಕ್ಕೊಮ್ಮೆ ಕೇಂದ್ರಕ್ಕೆ ಕರೆದು ಮಕ್ಕಳ ಜೊತೆ ಊಟ ಹಾಕಿಸಿದರೆ ಅದಕ್ಕಿಂತ ಜಾಸ್ತಿ ಕೆಲಸವಾಗುತ್ತದೆ.

ಪೋಷಕರಿಂದ ಶುಲ್ಕ ತೆಗೆದುಕೊಳ್ಳಬಹುದೇ ಎಂದಿದ್ದೀರಿ. ಗುಳೆ ಹೋದವರಿಂದ ಬೇಡ.

ಇನ್ನು ಹೊಲಿಗೆ ಕೇಂದ್ರ. ಕಂಪನಿಯವರು ಬಯಸಿದರು ಅಂತ ಶುರು ಮಾಡಿದ್ದು ಎಂದು ನೀವೇ ಬರೆದಿದ್ದೀರಿ. ಅದನ್ನು ಈಗಲೇ ನಿಲ್ಲಿಸಿ. ಕಂಪನಿಯವರ ಒಪ್ಪಿಗೆ ಪಡೆದು ಮಷಿನ್‌ಗಳನ್ನು ಊರಿನ ಸ್ವಸಹಾಯ ಸಂಘಕ್ಕೆ ಕೊಡಿ. ಅಲ್ಲಿನ ಬಾಡಿಗೆ, ಕರೆಂಟ್ ಬಿಲ್ ಉಳಿದರೆ ಪರೀಕ್ಷೆ ಮುಗಿಯುವವರೆಗಾದರೂ ಎರಡೂ ವಸತಿ ಕೇಂದ್ರ ನಡೆಯುತ್ತವೆ.