ಝೀಝೀ ಟಾಪ್ ಹಾಡುಗಳೆಲ್ಲ ಒಂದೇ ಥರ ಕೇಳಿಸುತ್ತವೆ. ಅವುಗಳಲ್ಲಿ ಅಂಥದ್ದೇನಿದೆ?

ಒಂದೇ ಥರ ಅನ್ನುವ ದೂರು ಪೂರ್ತಿ ಸುಳ್ಳಲ್ಲ. 1969ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ, ಹ್ಯೂಸ್ಟನ್ ಊರಲ್ಲಿ ಶುರುವಾದ ಈ ಬ್ಯಾಂಡಿನಲ್ಲಿ ಇರುವುದೇ ಮೂವರು. ಗಿಟಾರಿಗೆ ಬಿಲ್ಲಿ ಗಿಬ್ಬನ್ಸ್, ಬೇಸ್ ಗಿಟಾರಿಗೆ (ತಗ್ಗು ಸ್ವರದ ಗಿಟಾರ್) ಡಸ್ಟಿ ಹಿಲ್, ಡ್ರಮ್ಸಿಗೆ ಫ್ರಾಂಕ್ ಬಿಯರ್ಡ್. 2021ರಲ್ಲಿ ಹಿಲ್ ತೀರಿಕೊಳ್ಳುವ ತನಕ, ಐವತ್ತು ವರ್ಷಕ್ಕೂ ಜಾಸ್ತಿ, ಇವರೇ ನುಡಿಸಿದರು. (ಬಿಯರ್ಡ್ ಅಂದರೆ ಗಡ್ಡ. ಮೂವರಲ್ಲಿ ಎದೆಯುದ್ದ ಗಡ್ಡ ಬಿಡದವರು ಅವರೊಬ್ಬರೇ!)

ಮಜಾ ಇರುವುದು ಲಯದ ನಡೆಯಲ್ಲಿ. 1973ರ 'ಲಾ ಗ್ರೇಂಜ್' ಹಾಡು ಕೇಳಿ. ಅದು ಅಮೆರಿಕದ ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಥರದ ಹಳೆಯ ಬೂಗಿ, ಅಂದರೆ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತ ಓಡುವ ಬ್ಲೂಸ್. ಒಂದು ಬಡಿತವನ್ನು ಮೂರು ಪಾಲು ಮಾಡಿ, ನಡುವಿನದನ್ನು ನುಡಿಸದೆ ಬಿಟ್ಟರೆ ಒಂದು ಕುಂಟು ಓಟ ಬರುತ್ತದೆ. ಅದೇ ಶಫಲ್. ನಮ್ಮ ಸಂಗೀತದ ತಿಶ್ರ ನಡೆ (ಬಡಿತಕ್ಕೆ ಮೂರು ಪಾಲು) ಗೊತ್ತಿದ್ದವರಿಗೆ ಇದು ಬೇಗ ಹಿಡಿಸುತ್ತದೆ. ಬೇಸ್ ಮತ್ತು ಡ್ರಮ್ಸ್ ಅಲುಗಾಡದೆ ನಿಂತಿರುತ್ತವೆ. ಅದರ ಮೇಲೆ ಗಿಬ್ಬನ್ಸ್ ನಾಲ್ಕು ಸ್ವರ ನುಡಿಸಿ ಸುಮ್ಮನಾಗುತ್ತಾರೆ. ಆ ಸುಮ್ಮನಿರುವ ಜಾಗವೇ ನನಗೆ ಇಷ್ಟ. ಅವರ ಗಿಟಾರಿನ ತಂತಿಗಳೂ ತುಂಬಾ ತೆಳು, ಹಾಗಾಗಿ ಸ್ವರ ಸುಲಭವಾಗಿ ಬಾಗುತ್ತದೆ.

1983ರ 'ಎಲಿಮಿನೇಟರ್' ಆಲ್ಬಮ್ಮಿನಲ್ಲಿ ಸಿಂಥಸೈಸರ್ (ಎಲೆಕ್ಟ್ರಾನಿಕ್ ಆಗಿ ಸ್ವರ ಹುಟ್ಟಿಸುವ ವಾದ್ಯ), ಡ್ರಮ್ ಮಷೀನ್ ಬಂದವು. ಅಮೆರಿಕದಲ್ಲೇ ಒಂದು ಕೋಟಿಗೂ ಜಾಸ್ತಿ ಪ್ರತಿ ಹೋಯಿತು. ನನಗೇನೋ ಅದು ಸ್ವಲ್ಪ ಇಸ್ತ್ರಿ ಹಾಕಿದ ಬ್ಲೂಸ್ ಅನ್ನಿಸುತ್ತದೆ. ನೀವು ಮೊದಲು 1973ರ 'ತ್ರೆಸ್ ಓಂಬ್ರೆಸ್' ಆಲ್ಬಮ್ ಕೇಳಿ, ಆಮೇಲೆ ಇದಕ್ಕೆ ಬನ್ನಿ.